ಮುತ್ತವ್ವನ ಬಾವಿ

ಬನಹಟ್ಟಿ

ಅಕ್ಕಾ,
ಜ್ವರ ಬಿಟ್ಟಿದೆ, ಗಾಬರಿಯಾಗಬೇಡ. ನಮ್ಮೂರ ಉಪ್ಪಿನಾಗರದಿಂದ ತಂದ ಸೂಕ್ಷ್ಮಜೀವಿಗಳು ಇಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಉಪ್ಪುನೀರಿನಲ್ಲೂ ಬದುಕಿದವು. ಐದೇ ದಿನಕ್ಕೆ ತೊಟ್ಟಿಯ ಕೆಂಪು ನೀರು ತಿಳಿಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಕೆಂಪು ನೀರು ಇಂಗಿಯೇ ಕಾರ್ಖಾನೆಯ ಪಕ್ಕದ ಮನೆಯ ಮುತ್ತವ್ವನ ಬಾವಿ ಕೆಟ್ಟಿತ್ತು. ಅವರು ಓಡಿ ಬಂದು, "ನಮ್ಮ ಬಾವಿಗೂ ಇದನ್ನ ಹಾಕಿದ್ರ ನೀರು ಕುಡೀಬಹುದೇನವ್ವಾ? ನಮ್ಮ ಮನಿಯವ್ರು ತೀರಿಕೊಳ್ಳೂ ವರ್ಷ ಕೈಯಾರೆ ತೋಡಿದ್ರು" ಎಂದರು.

ಇವು ಬಣ್ಣವನ್ನಷ್ಟೇ ತಿನ್ನುತ್ತವೆ, ಉಪ್ಪು ಹೋಗುವುದಿಲ್ಲ ಎಂದೆ.

ಅವರು ಹೋಗಿ ಬಾವಿಯ ರಾಟೆಯ ಹಗ್ಗ ಬಿಚ್ಚಿ ತಂದು ನನ್ನ ಕೈಗಿಟ್ಟರು. "ನಿಮ್ಮ ಕೆಲಸಕ್ಕರ ಆಗಲಿ, ಒಯ್ಯವಾ."

ಜ್ವರದಿಂದಲ್ಲ, ಆ ಹಗ್ಗ ಕೈಗೆ ಬಂದ ಎರಡು ದಿನದಿಂದ ಊಟ ಸೇರುತ್ತಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ನಾಗವೇಣಿ