ಗೊರಕೆ ಮಾಮನಿಗೆ ಮುಂಗಡ ಶ್ರದ್ಧಾಂಜಲಿ

ಫೆಬ್ರವರಿ 4

ಬೆಳಿಗ್ಗೆಯಿಂದ ಇಬ್ಬರನ್ನು ಕಳುಹಿಸಿಕೊಟ್ಟೆ. ಒಬ್ಬರು ಮಾಜಿ ಮಂತ್ರಿ, ಒಬ್ಬರು ಗಾಯಕಿ. ಇಬ್ಬರೂ ಗಟ್ಟಿಮುಟ್ಟಾಗಿ ಬದುಕಿದ್ದಾರೆ. ನಮ್ಮ ರೇಡಿಯೋದ ಪದ್ಧತಿಯೇ ಹೀಗೆ — ವಯಸ್ಸಾದ ಗಣ್ಯರಿಗೆಲ್ಲ ಶ್ರದ್ಧಾಂಜಲಿ ಮೊದಲೇ ರೆಕಾರ್ಡ್ ಆಗಿ ಕಾಯುತ್ತಿರಬೇಕು. ಬರೆಯುವುದು, ಕತ್ತರಿಸುವುದು, ಅಂಟಿಸುವುದು ಯಮಧರ್ಮನ ಗುಮಾಸ್ತೆಯಾದ ನಾನು. ಓದುವುದು ಗದ್ಗದ.

ಗದ್ಗದ ಎಂದರೆ ಹಿರಿಯ ಉದ್ಘೋಷಕರು. ನಾಮಕರಣ ನನ್ನದೇ. ‘ನಮ್ಮನ್ನಗಲಿದ್ದಾರೆ’ ಎನ್ನುವಾಗ ಸರಿಯಾದ ಜಾಗದಲ್ಲಿ ಗಂಟಲು ಬಿರಿಯುತ್ತದೆ. ಊರೆಲ್ಲ ಅಳುತ್ತದೆ. ಅಮ್ಮನೂ ಅಳುತ್ತಾಳೆ. ಬರೆದದ್ದು ನಾನಮ್ಮಾ ಎಂದರೆ, “ಸುಮ್ನಿರೇ, ಅವರ ಧ್ವನಿ ಕೇಳ್ಬೇಕು!”

ಹೊಟ್ಟೆಯಲ್ಲಿ ಸೌದೆ ಒಲೆ.

ಫೆಬ್ರವರಿ 9

ಘೋರ ಅನ್ಯಾಯ. ಗೊರಕೆ ಮಾಮನ ಶ್ರದ್ಧಾಂಜಲಿಯನ್ನು ಬರೆಯುವುದೂ ಗದ್ಗದನೇ ಅಂತೆ!

ಊರಿಗೆಲ್ಲ ಮಾಮ ಅವರು, ಮೊನ್ನೆ ಆಸ್ಪತ್ರೆಗೆ ಹೋಗಿ ಬಂದಿದ್ದಾರೆ. ರೇಡಿಯೋದಲ್ಲಿ ಒಂದು ಮಾತಿಲ್ಲದೆ, ಬರೀ ಗೊರಕೆಯಲ್ಲಿ ಇಡೀ ನಾಟಕ ಆಡುತ್ತಿದ್ದ ಮನುಷ್ಯ. ಗೊರಕೆಯಲ್ಲೇ ಜಗಳ, ಗೊರಕೆಯಲ್ಲೇ ಸಂಧಾನ. ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ನಾನು ಅದನ್ನು ಬಾಯಿಪಾಠ ಮಾಡಿದ್ದೆ… ಮೂಗುಪಾಠ ಎನ್ನಬೇಕು. ಗದ್ಗದ ಜನ್ಮದಲ್ಲಿ ನಕ್ಕವನಲ್ಲ.

ನಮ್ಮ ಕೇಂದ್ರದ ಮುಖ್ಯಸ್ಥೆ ಮೇಡಂ ಹತ್ತಿರ ಹೋಗಿ ಕೇಳಿದೆ. “ನೀನು ಬರೆದ್ರೆ ಜನ ನಗ್ತಾರೆ. ಸಾವಲ್ವೇನೇ ಇದು?”

ಸಾವೇ. ಆದರೆ ಯಾರ ಸಾವು?

ಫೆಬ್ರವರಿ 11, ಮಧ್ಯಾಹ್ನ

ಗದ್ಗದ ಓದಿ ಮುಗಿಸಿದ. ಅದ್ಭುತ. ಹಾಳಾಗಿ ಹೋಗಲಿ, ನನಗೂ ಕಣ್ಣು ಒದ್ದೆ.

ಊಟದ ಹೊತ್ತಿಗೆ ಸ್ಟುಡಿಯೋ ಖಾಲಿ. ಮೈಕ್ ಮುಂದೆ ಕುಳಿತು, ಮಾಮನನ್ನು ಮನಸ್ಸಿನಲ್ಲೇ ನೆನೆದು, ಗೊರಕೆ ಹೊಡೆದೆ. ಗದ್ಗದನ ಗಂಟಲು ಬಿರಿಯುವ ಜಾಗದಲ್ಲೇ ಅಂಟಿಸಿದೆ. ‘ನಮ್ಮನ್ನಗಲಿ…’ ಖೊರ್‌ರ್‌ರ್! ಅಸಲು ಪ್ರತಿ ಬೇರೆ ಇಟ್ಟಿದ್ದೇನೆ, ನಾನೇನು ಕೊಲೆಗಡುಕಿಯಲ್ಲ. ನಾಳೆ ಅವನು ಕೇಳುವಾಗ ಮುಖ ನೋಡಬೇಕು. ಆಮೇಲೆ ತೆಗೆದುಬಿಡುವೆ.

ಫೆಬ್ರವರಿ 12

ಗದ್ಗದ ರಜೆ. ಥತ್.

ಮಾರ್ಚ್ 2

ನನ್ನ ವಾರದ ರಜೆ. ಅಮ್ಮ ಬಟ್ಟೆ ಒಣಹಾಕುತ್ತಾ ರೇಡಿಯೋ ಹಾಕಿದ್ದಳು. ಗೊರಕೆ ಮಾಮ ಹೋದರಂತೆ.

ಅಳು ಬಂತು. ಆಮೇಲೆ ನೆನಪಾಯಿತು. ತೆಗೆದೇ ಇಲ್ಲ!

ಫೋನಿಗೆ ಓಡುವಷ್ಟರಲ್ಲಿ — ‘ನಮ್ಮನ್ನಗಲಿ…’

ಅಮ್ಮನ ಕೈಯಿಂದ ಒದ್ದೆ ಅಂಗಿ ಜಾರಿತು. ನಕ್ಕಳು. ನಗುತ್ತ ನಗುತ್ತ ಬಿಕ್ಕಿದಳು. “ಅಯ್ಯೋ, ಅವರೇ ಬಂದು ಹೋದ್ಹಾಗಾಯ್ತಲ್ಲೇ! ಎಂಥಾ ತಲೆ ಈ ಮನುಷ್ಯಂದು!”

ಈ ಮನುಷ್ಯ ಎಂದರೆ ಗದ್ಗದ.

ಮಾರ್ಚ್ 3

ಆಫೀಸಿನಲ್ಲಿ ಫೋನ್ ಬಿಟ್ಟೂಬಿಡದೆ ಹೊಡೆದುಕೊಳ್ಳುತ್ತಿದೆ. ಎಲ್ಲವೂ ಅವನಿಗೇ. ಮೇಡಂ ಬೆನ್ನು ತಟ್ಟಿದರು. ಅವನು ತಲೆ ತಗ್ಗಿಸಿ, “ಏನೋ, ಹೊಳೀತು” ಎಂದ.

ಹೊಳೀತಂತೆ! ನನ್ನ ಮೂಗು, ಅವನ ಕಿರೀಟ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಮುಚ್ಚಿಕೊಂಡರೆ ಪ್ರಾಣ ಹೋಗುತ್ತದೆ.

ಮಾರ್ಚ್ 8

ಮಾಮನ ಹೆಂಡತಿ ಆಫೀಸಿಗೆ ಬಂದಿದ್ದರು. ಲೆಕ್ಕಕ್ಕೆ ನನಗೆ ಅತ್ತೆ. ಸಣ್ಣ ಜೀವ, ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕದು. ಬಂದವರೇ ಗದ್ಗದನನ್ನು ಕೇಳಿದರು, “ಓದಿದ್ದು ಚೆನ್ನಾಗಿತ್ತಪ್ಪಾ. ಆ ಗೊರಕೆ ಯಾರದ್ದು?”

“ಅವರದ್ದೇ ಅಮ್ಮಾ. ಹಳೇ ನಾಟಕದ್ದು.”

“ಅಲ್ಲಪ್ಪಾ. ಅವರಿಗೆಲ್ಲಿ ಗೊರಕೆ? ಬೆಕ್ಕಿನ್ಹಾಗೆ ಮಲಗೋರು. ಹೊಡೀತಿದ್ದೋಳು ನಾನು. ಎದ್ದು ಕೂತು ಕೇಳಿ ಕಲ್ತಿದ್ದು ಅವರು. ನಿಮ್ಮದ್ರಲ್ಲಿ ಕೊನೇ ಸಿಳ್ಳೆ ತಪ್ಪಿದೆ.”

ಮೇಡಂ ಹುಬ್ಬು ಮೇಲೇರಿತು. “ಹಾಗಾದ್ರೆ ಯಾರದ್ದು?”

ಗದ್ಗದ ಬೆವರು ಒರೆಸಿಕೊಂಡ. “ನಂದೇ ಮೇಡಂ.”

“ಎಲ್ಲಿ, ಹೊಡಿ ನೋಡೋಣ,” ಎಂದರು ಅತ್ತೆ.

ಹೊಡೆದ. ಚಳಿಗೆ ಸ್ಟಾರ್ಟ್ ಆಗದ ಸ್ಕೂಟರ್. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಕುರ್ಚಿ ಸಮೇತ ಅಲುಗಾಡಿದರು. ಮೇಡಂ ಕೂಡ ನಕ್ಕರು. ಅಳಿಸುವುದು ಅವನದ್ದೇ ಆಗಿತ್ತು. ನನಗೆ ಇದ್ದದ್ದೊಂದು ನಗಿಸುವುದು — ಅದನ್ನೂ ನನ್ನ ಕಣ್ಣೆದುರೇ ಹೊತ್ತೊಯ್ಯುತ್ತಿದ್ದಾನೆ!

ತಡೆಯಲಾಗಲಿಲ್ಲ. ನಿಂತಲ್ಲೇ ಗೊರಕೆ ಹೊಡೆದೆ.

ಮೂವರೂ ನನ್ನ ಕಡೆ ತಿರುಗಿದರು.

“ಓ… ನೀನೇನೇ!” ಎಂದರು ಅತ್ತೆ.

“ನಾಳೆಯಿಂದ ಬರ್ಬೇಡ,” ಎಂದರು ಮೇಡಂ.

ಸಾಯಂಕಾಲ

ಮೆಟ್ಟಿಲ ಹತ್ತಿರ ಗದ್ಗದ ಸಿಕ್ಕಿದ. “ಪ್ರಸಾರಕ್ಕೆ ಮುಂಚೆ ಕೇಳಿದ್ದೆ ಕಣಮ್ಮಾ. ನಿಂದೇ ಅಂತ ಗೊತ್ತಾಯ್ತು. ತೆಗೀಬಹುದಿತ್ತು.”

“ಮತ್ಯಾಕೆ ತೆಗೀಲಿಲ್ಲ ಸಾರ್?”

“ನಾನು ಬಾಯಿ ತೆಗೆದ್ರೆ ಮನೇಲಿ ಮಕ್ಕಳೂ ಎದ್ದು ಹೋಗ್ತವೆ, ಯಾರು ಸತ್ರೋ ಅಂತ. ಒಂದು ಸಲನಾದ್ರೂ ನನ್ನ ಹೆಸರಲ್ಲಿ ಜನ ನಗ್ಲಿ ಅನ್ಸಿತ್ತು.”

ಕಳ್ಳ! ಬೈಯಬೇಕೆಂದಿದ್ದೆ. ಆ ಗಂಟಲು… ನಿಜವಾಗಿಯೂ ಬಿರಿದಿತ್ತು.

ಮಾರ್ಚ್ 15, ಮಧ್ಯಾಹ್ನ

ಅತ್ತೆಯ ಮನೆ. “ಕೆಲಸ ಇಲ್ವಲ್ಲ, ಬಾ, ಸಿಳ್ಳೆ ಕಲ್ಸ್ತೀನಿ. ಎಚ್ಚರ ಇದ್ದಾಗ ಬರಲ್ಲ, ಕಾಯ್ಬೇಕು,” ಎಂದು ದಿಂಬಿಗೆ ತಲೆಯಿಟ್ಟರು. ಪಕ್ಕದ ಮಂಚ ಖಾಲಿ. ನಾನು ಮಾಮ ಕೂರುತ್ತಿದ್ದ ಜಾಗದಲ್ಲಿ, ಗೋಡೆಗೊರಗಿ, ಡೈರಿ ಮಡಿಲಲ್ಲಿ. ಗೋಡೆಯ ಮೇಲೆ ಅವರ ತಲೆಯ ಎಣ್ಣೆ ಕಲೆ.

ಶುರುವಾಯಿತು. ಆಹಾ. ಮಾಮನದ್ದು ನಕಲು, ನನ್ನದು ನಕಲಿನ ನಕಲು. ಅಸಲು ಇದು. ಒಂದು ಎಳೆತ… ಒಂದು ತಡೆ… ಇಡೀ ಊರು ರೇಡಿಯೋಗೆ ಕಿವಿಯಿಟ್ಟು ಕೇಳಿದ್ದನ್ನು ಆ ಮನುಷ್ಯ ಇಲ್ಲಿ ಒಬ್ಬನೇ ಕೂತು ದಿನಾ ಕೇಳಿದ್ದಾನೆ. ಗದ್ಗದನ ಮೇಲಿನ ಕಿಚ್ಚು ಬರೀ ಕಡ್ಡಿ ಬೆಂಕಿ. ಸತ್ತವನ ಮೇಲೆ ಈಗ ಬಂದಿರುವುದು…

ನಿಂತಿತು. ಕಣ್ಣು ಮುಚ್ಚಿಕೊಂಡೇ ಅತ್ತೆ, “ಗೀಚೋದು ಬಿಡೇ. ಅವರು ಬರ್ಕೊಳ್ತಿರ್ಲಿಲ್ಲ. ಕೇಳು. ಈಗ ಬರತ್ತೆ ಸಿ—