ಅವ್ವನ ಅನ್ನ ಉಂಡವನ ಮೇಲೆ ಕೇಸು

ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರೇ,

ನನ್ನ ಮಗ ನನ್ನ ಮನೆಯಲ್ಲಿ ಉಂಡನೆಂದು ಅವನ ಮೇಲೆ ಕೇಸು ಬರೆಯಲು ಹೊರಟಿದ್ದೀರಿ. ಠಾಣೆಯೊಳಗೆ ಬೇಡಿಕೊಂಡದ್ದು ತಮ್ಮ ಕಿವಿಗೆ ಬೀಳಲಿಲ್ಲ, ಅದಕ್ಕೇ ಪತ್ರಿಕೆಯಲ್ಲಿ ಎಲ್ಲರ ಮುಂದೆ ಕೇಳುತ್ತಿದ್ದೇನೆ. ಐದನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು. ಬರಹದಲ್ಲಿ ತಪ್ಪಿದ್ದರೆ ಅದಕ್ಕೂ ಒಂದು ಸೆಕ್ಷನ್ ಹಾಕಬೇಡಿ.

ನಾನು ಮೈ ಮಾರಿ ಬದುಕುವವಳು. ನಂಜನಗೂಡಿನಿಂದ ತಿ. ನರಸೀಪುರದವರೆಗೆ ಗೊತ್ತಿರುವ ವಿಷಯ, ಮುಚ್ಚಿಡುವುದೇನು? ವಕೀಲರೊಬ್ಬರು ಹೇಳಿದರು: ಒಬ್ಬಳೇ ಮರೆಯಲ್ಲಿ ಈ ಕೆಲಸ ಮಾಡಿದರೆ ಕಾನೂನಿನಲ್ಲಿ ಅಪರಾಧವಲ್ಲ, ಆ ದುಡಿಮೆಯಲ್ಲಿ ಬದುಕುವ, ಹದಿನೆಂಟು ದಾಟಿದವರು ಅಪರಾಧಿಗಳು. ಎಂಥ ನ್ಯಾಯ! ದುಡಿದ ನಾನು ಬಚಾವು, ಉಂಡವನು ಕಳ್ಳ. ನಿನ್ನೆಯವರೆಗೆ ಮಗನಾಗಿದ್ದವನು ಇವತ್ತು ತಲೆಹಿಡುಕನೇ?

ಯುಗಾದಿ ಹೊತ್ತಿಗೆ ಅವನಿಗೆ ಹದಿನೆಂಟು ತುಂಬಿತು. ನಿಮ್ಮ ಪೇದೆ ಬಂದು, "ಏನಮ್ಮೋ, ಇನ್ಮೇಲೆ ಮಗಂಗೆ ಉಣ್ಣಾಕಿಕ್ಕಿದ್ರೆ ಅವನ್ಗೂ ಬೇಡಿ ಬೀಳ್ತದೆ. ಒಲೆ ಬ್ಯಾರೆ ಮಾಡ್ಬುಡು ಕಣಮ್ಮ" ಎಂದು ನಕ್ಕು ಹೋದರು. ಅವರಿಗೆ ತಮಾಷೆ. ನನಗೋ ಜೀಪಿನ ಸದ್ದಾದರೆ ಅವನ ತಟ್ಟೆ ಬಚ್ಚಿಡುವ ಗತಿ. ಊರಿನ ಯಜಮಾನರಾದ ದೊಡ್ಡಸಿದ್ದಯ್ಯನವರನ್ನು ಕರೆಸಿ ಪಾಲು ಮಾಡಿಸಿಯೇಬಿಟ್ಟೆ.

"ಅಣ್ತಮ್ಮಂದ್ರನ್ನ ಬ್ಯಾರೆ ಮಾಡಿವ್ನಿ, ಒಬ್ಬನೇ ಮಗನ್ನ ಅವ್ವನಿಂದ ಯಾವತ್ತೂ ಮಾಡಿಲ್ಲ ಕಣವ್ವಾ. ಇರೋದೊಂದು ಕೋಣೆ, ಏನಂತ ಪಾಲು ಮಾಡ್ಲಿ?" ಎಂದರು ಅವರು.

"ಒಲೆ ಬ್ಯಾರೆ ಆದ್ರೆ ಸಾಕು ಕಣಪ್ಪಾ," ಎಂದೆ.

ಆ ಮೂಲೆಗೆ ಅವನ ಸೀಮೆಎಣ್ಣೆ ಸ್ಟವ್, ಈ ಮೂಲೆಗೆ ನನ್ನದು. ವರ್ಕ್‌ಶಾಪಿನ ಸಂಬಳದಲ್ಲಿ ಅಕ್ಕಿ ತಂದು ಅರೆಬೆಂದದ್ದನ್ನೇ ಉಂಡ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಹೇಳದಿದ್ದರೆ ನಿಮಗೆ ಹೇಗೆ ತಿಳಿದೀತು ಎಂಬ ಭಯಕ್ಕೆ ನಾನೇ ಠಾಣೆಗೆ ಬಂದು ತಿಳಿಸಿದೆ. ತಾವು ಕುರ್ಚಿಗೊರಗಿ ಏನೆಂದಿರಿ? "ಈಗ ಬೇರೆಯಾದ ಅಂದ್ರೆ, ಯುಗಾದಿಯಿಂದ ಇಲ್ಲೀಗಂಟ ತಿಂದವ್ನೆ ಅಂತ ನೀನೇ ಒಪ್ಕೊಂಡಂಗಾಯ್ತಲ್ಲಮ್ಮ!" ಏನು ಬುದ್ಧಿ! ಅವತ್ತೇ ಅವನನ್ನು ವರ್ಕ್‌ಶಾಪಿನಿಂದ ಠಾಣೆಗೆ ಎಳೆದೊಯ್ದು, ಕೇಸು ಬರೆಯುತ್ತೇವೆಂದು ಹೆದರಿಸಿ ರಾತ್ರಿ ಮನೆಗೆ ಬಿಟ್ಟಿರಿ. ಮಾಲೀಕರು ಇನ್ನು ಬರಬೇಡ ಎಂದಿದ್ದಾರೆ. ಈಗ ಅವನಿಗೆ ಸಂಬಳವೂ ಇಲ್ಲ, ನನ್ನ ಅನ್ನ ಮುಟ್ಟುವ ಧೈರ್ಯವೂ ಇಲ್ಲ. "ನೀನು ಉಣ್ಣವ್ವ, ನಂಗೆ ಅಸಿವಿಲ್ಲ" ಎನ್ನುತ್ತಾನೆ. ಆ ವಯಸ್ಸಿನ ಹುಡುಗನಿಗೆ ಹಸಿವಿಲ್ಲವಂತೆ!

ನನ್ನ ದುಡಿಮೆಯಲ್ಲಿ ಉಂಡವರನ್ನೆಲ್ಲ ಹಿಡಿಯುವುದಾದರೆ, ನನ್ನ ಲೆಕ್ಕದಲ್ಲಿ ಬಿರಿಯಾನಿ ಕಟ್ಟಿಸಿಕೊಂಡು ಹೋಗುವ ನಿಮ್ಮ ಪೇದೆಗೆ ಇನ್ನೂ ಹದಿನೆಂಟು ತುಂಬಿಲ್ಲವೇ?

ನನ್ನ ಮೇಲೆ ಏನು ಬೇಕಾದರೂ ಬರೆಯಿರಿ, ಕೋರ್ಟಿಗೆ ಬರುತ್ತೇನೆ. ಮಗನ ಹೆಸರು ಹೊಡೆದುಹಾಕಿ. ಅವನು ತಪ್ಪು ಮಾಡಿಲ್ಲವೆಂದು ಮಾಲೀಕರಿಗೆ ನೀವೇ ಹೋಗಿ ಹೇಳಿ. ಆಗದೋ, ಮನೆಗೆ ಬನ್ನಿ. ಅವನನ್ನು ನನ್ನ ಪಕ್ಕದಲ್ಲೇ ಕೂರಿಸಿ ಬಡಿಸುತ್ತೇನೆ. ತಟ್ಟೆಯನ್ನು ನಿಮ್ಮ ಕೈಯಾರೆ ಕಿತ್ತುಕೊಳ್ಳಿ.

ಇಂತಿ,
ನಿಮ್ಮವರು ಬೀದಿಯಲ್ಲಿ ಹೆಸರು ಹಿಡಿದು ಕೂಗುವ,
ಇಲ್ಲಿ ಮಾತ್ರ ಮಗನಿಗಾಗಿ ಹೆಸರು ಬರೆಯಲು ಹೆದರುವ ಒಬ್ಬ ತಾಯಿ