ಕಣ್ಣಿನೊಳಗಿನ ಜಾರುಗಂಟು

ಹನ್ನೊಂದನೇ ತಾರೀಖು, ಮಂಗಳವಾರ

ನನ್ನ ಮೊಮ್ಮಗಳಿಗೆ,

ನಿನ್ನ ಬೆರಳಿಗೇನು ಲಕ್ವ ಹೊಡೆದಿದೆಯೇನೇ? ಮೂರು ತಿಂಗಳಿಂದ ಈ ಮುದುಕಿಗೆ ಒಂದು ಸಾಲು ಗೀಚಲು ಪುರುಸೊತ್ತಿಲ್ಲದವಳು, ಆಸ್ಪತ್ರೆಗೆ ಮಾತ್ರ ನಾಲ್ಕು ಪುಟ ದೂರು ಬರೆದಿಟ್ಟಿದ್ದೀಯಂತೆ. ಡಾಕ್ಟರಮ್ಮ ನನ್ನ ಕಣ್ಣು ಕೆಡಿಸಿದಳು, ಅವಳನ್ನು ಕೆಲಸದಿಂದ ತೆಗೆಯಿರಿ ಎಂದು. ನಿಮ್ಮಮ್ಮ ಹೇಳಿದಳು. ಅದನ್ನು ಕಳಿಸಬೇಡ, ಮೊದಲು ಇದನ್ನು ಓದು. ನಾನು ಓದಿದ್ದು ನಾಲ್ಕನೇ ಕ್ಲಾಸು, ತಪ್ಪು ಹುಡುಕುತ್ತ ಕೂರಬೇಡ.

ಮೆಟ್ಟಿಲಿಂದ ಬಿದ್ದು ಎಡಗಣ್ಣು ಓರೆಯಾದಾಗಿನಿಂದ ನನಗೆ ಎಲ್ಲವೂ ಎರಡೆರಡು. ಇಲ್ಲದ ಬಾಗಿಲಲ್ಲಿ ನುಗ್ಗಿ ಗೋಡೆಗೆ ಹಣೆ ಚಚ್ಚಿಕೊಂಡೆ. ಆಪರೇಷನ್ ದಿನ ಮೂಗಿಗೆ ಮುಚ್ಚಳ ಇಟ್ಟು ಹತ್ತರವರೆಗೆ ಎಣಿಸಿ ಅಂದರು. ನಾಲ್ಕಕ್ಕೆ ನಾನಿಲ್ಲ. ಅಂಥ ನಿದ್ದೆ ನಿಮ್ಮ ತಾತನ ಗೊರಕೆ ನಿಂತ ಮೇಲೂ ನನಗೆ ಬಂದಿರಲಿಲ್ಲ.

ಕಣ್ಣಿನ ಸ್ನಾಯು ಹೊಲಿದು, ದಾರಕ್ಕೆ ಜಾರುಗಂಟು ಹಾಕಿ ಬಿಟ್ಟಿದ್ದರು. ನಿದ್ದೆಯಲ್ಲಿರುವವರನ್ನು ಎಷ್ಟು ಕಾಣುತ್ತದೆ ಎಂದು ಕೇಳಲಾದೀತೇ? ಮಾರನೆಯ ದಿನ ಎಚ್ಚರದಲ್ಲಿ ಕೂರಿಸಿ, ನೋಡಿಸಿ, ದಾರ ಬಿಗಿಯೋ ಸಡಿಲವೋ ಮಾಡಿ ಆಮೇಲೆ ಗಟ್ಟಿ ಗಂಟು. ನಿಮ್ಮಿಬ್ಬರ ಜಡೆಗೆ ನಾನು ರಿಬ್ಬನ್ ಕಟ್ಟುತ್ತಿದ್ದ ಹಾಗೆಯೇ.

ಬೆಳಿಗ್ಗೆ ಕಣ್ಣು ಮರಗಟ್ಟಲು ಹನಿ ಹಾಕಿದರು. ಡಾಕ್ಟರಮ್ಮ ನಿನ್ನನ್ನು ಬಾಗಿಲಲ್ಲಿ ನಿಲ್ಲಿಸಿ, "ಅಜ್ಜಿ, ಬಾಗಿಲಲ್ಲಿ ಎಷ್ಟು ಜನ ಕಾಣ್ತಾರೆ?" ಅಂದಳು.

ಇಬ್ಬರು ಕಂಡಿರಿ ಕಣೇ. ಮುಂಚೆ ಎರಡನೆಯದು ವಾರೆಯಾಗಿ ಎಲ್ಲೋ ಮೇಲೆ ತೇಲುತ್ತಿತ್ತು. ಅಂದು ನೆಟ್ಟಗೆ ನೆಲದ ಮೇಲೆ, ನಿನ್ನ ಭುಜಕ್ಕೆ ಭುಜ ತಾಗಿಸಿ ನಿಂತಿತ್ತು. ಅದೇ ಎತ್ತರ, ಅದೇ ಮೂಗು. ಜ್ವರದಲ್ಲಿ ಹೋಗಿ ಮೂರು ವರ್ಷವಾದ ನಿನ್ನ ಅವಳಿ ತಂಗಿ.

ಒಬ್ಬಳೇ ಅಂದುಬಿಟ್ಟೆ. ಡಾಕ್ಟರಮ್ಮನಿಗೆ ಅನುಮಾನ. ನನ್ನ ಒಂದೊಂದೇ ಕಣ್ಣು ಮುಚ್ಚಿ ನೋಡಿದಳು, ಕಣ್ಣು ಇನ್ನೂ ಚೂರು ಪಕ್ಕಕ್ಕೆ ಸರಿಯುತ್ತಿದೆ, ನಿಜ ಹೇಳಿ ಅಂದಳು. "ನೋಡೋದು ನಾನೋ ನೀನೋ? ಕಟ್ಟಮ್ಮ ಸುಮ್ನೆ" ಎಂದು ಗದರಿದೆ. ಎರಡು ಎಂದಿದ್ದರೆ ದಾರ ಎಳೆದು ನಿನ್ನ ತಂಗಿಯನ್ನು ಕಳಿಸಿಬಿಡುತ್ತಿದ್ದರು. ಒಂದು ಸಲ ಕಳಿಸಿದ್ದು ಸಾಲದೇ? ಪಾಪ, ಡಾಕ್ಟರಮ್ಮ ಹಾಗೇ ಕಟ್ಟಿದಳು. ಇವತ್ತಿಗೂ ನನಗೆ ಎರಡೆರಡೇ.

ನಿನ್ನೆ ಹೋಗಿ ಡಾಕ್ಟರಮ್ಮನ ಮುಂದೆ ಎಲ್ಲ ಒಪ್ಪಿಕೊಂಡು ಬಂದೆ. ಬಯ್ಯಲಿಲ್ಲ, ಅದೇ ಸಂಕಟ. ಇನ್ನೊಮ್ಮೆ ಮಾಡಬಹುದಂತೆ. ಆ ನಾಲ್ಕು ಪುಟ ಹರಿದು ಒಲೆಗೆ ಹಾಕು. ಬಾಗಿಲಲ್ಲಿ ನೀನೇ ನಿಲ್ಲಬೇಕು. ಈ ಸಲ ಸರಿಯಾಗಿ ಎಣಿಸುತ್ತೇನೆ.

ಇತಿ,
ನಿನ್ನ ಬಾಯಿಬಡುಕಿ ಅಜ್ಜಿ

ಮೇಲೆ ಬರೆಯದೆ ಬಿಟ್ಟದ್ದು: ಅವತ್ತು ಬಾಗಿಲಲ್ಲಿ ಇಬ್ಬರೂ ತೋಳಿಗೆ ಮೂಗೊರೆಸಿಕೊಂಡು ಅಳುತ್ತಿದ್ದಿರಿ. ಚಿಕ್ಕವಳು ಬಿದ್ದು ಮಂಡಿ ಒಡೆದುಕೊಂಡರೂ ನಗುತ್ತಿದ್ದವಳು. ಅಳುಬುರುಕಿ ನೀನು. ಇಬ್ಬರೂ ನೀನೇ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಗಂಟು ಹಾಕಿಸಿಕೊಂಡೆ. ನೀನು ಯಾಕೆ ಅಳುತ್ತಿದ್ದೆ ಎಂದು ಮಾತ್ರ ಕೇಳಲೇ ಇಲ್ಲ. ಬರೆ. ಈ ತಿಂಗಳು ಮುಗಿಯುವುದರೊಳಗೆ.